ಸೋಪಿನ ಗೋಡೆಯ ಹೆಂಗಸು

"ಹಲ್ಲು ಇನ್ನೂ ಸ್ವಲ್ಪ ಬೆಳ್ಳಗಾಗಲಿ," ಎಂದು ಹೋಟೆಲ್ ಯಜಮಾನ ಕೆಳಗಿನಿಂದ ಕೂಗಿದ. ಅಟ್ಟಣೆಯ ಮೇಲೆ ಕೂತಿದ್ದ ಪೇಂಟರ್ ಹೂಂ ಎಂದಳು. ಗೋಡೆಯ ಮೇಲಿನ ಹಳೇ ಸೋಪಿನ ಜಾಹೀರಾತಿಗೆ ಹೊಸದಾಗಿ ಬಣ್ಣ ಹಾಕಿಸಿದರೆ ಗಿರಾಕಿಗಳು ಮುಗಿಬೀಳುತ್ತಾರೆಂಬುದು ಅವನ ಎಣಿಕೆ. ಚಿತ್ರದಲ್ಲಿ ಗಂಡ ಕುರ್ಚಿಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದಾನೆ. ಹೆಂಡತಿ ಅವನ ಕಾಲ ಬಳಿ ಮಂಡಿಯೂರಿ, ಒಗೆದ ಅಂಗಿಯನ್ನು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ. ಕೆಳಗೆ ದಪ್ಪಕ್ಷರ: "ಇವರ ಅಂಗಿ ಬೆಳ್ಳಗಿದ್ದರೆ ನನ್ನ ಜನ್ಮ ಸಾರ್ಥಕ!" ಜನ್ಮವಂತೆ, ಸಾರ್ಥಕವಂತೆ! ಒಂದು ಬಿಲ್ಲೆ ಸೋಪು ಮಾರುವುದಕ್ಕೆ ಎಂಥ ಮಾತು!

ಈ ಚಿತ್ರ ಬರೆದವನು ಪೇಂಟರಳ ಅಪ್ಪ. ಎದುರಿಗೆ ಕೂತು ಬರೆಸಿಕೊಂಡವಳು ಅಮ್ಮ. ಅಪ್ಪ ಕುಂಚ ಹಿಡಿದನೆಂದರೆ ಮುಗಿಯಿತು, ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. "ಮಾತಾಡಿಸಬೇಡಿ, ಕೆಲಸದಲ್ಲಿದ್ದೀನಿ," ಎಂಬ ಗದರಿಕೆ ಅವನು ತೀರಿಕೊಂಡ ಮೇಲೂ ಮಗಳ ಕಿವಿಯಲ್ಲಿ ಉಳಿದಿತ್ತು. ಆದರೂ ಚಿತ್ರದ ಮೂಲೆಯಲ್ಲಿ ಅಪ್ಪನ ಸಹಿಯ ಪಕ್ಕ ತನ್ನದೂ ಬರುತ್ತದೆಂದು ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಅಮ್ಮ ಮಾತ್ರ ಈ ಬೀದಿಗೆ ಕಾಲಿಡುತ್ತಲೇ ಇರಲಿಲ್ಲ. ಮಾರ್ಕೆಟ್ಟಿಗೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು. ನಾಚಿಕೆ ಇರಬೇಕೆಂದು ಮಗಳು ತಿಳಿದಿದ್ದಳು.

ಇವತ್ತು ಯಜಮಾನ ತಾನೇ ಕಾರು ಕಳಿಸಿ ಅಮ್ಮನನ್ನು ಕರೆಸಿದ್ದ. ಗೋಡೆಯ ಮುಂದೆ ಅದೇ ಥರ ಮಂಡಿಯೂರಿ ನಕ್ಕರೆ ಒಂದು ಫೋಟೋ ತೆಗೆಸಬೇಕಂತೆ.

ಅಮ್ಮ ಗೋಡೆಯನ್ನೇ ನೋಡುತ್ತಾ ನಿಂತಳು. ಮಗಳು ಗಾಬರಿಯಾಗಿ ಕೆಳಗಿಳಿದು ಬಂದಳು.

"ಆವತ್ತು ನಂಗೆ ಏಳು ತಿಂಗಳು," ಎಂದಳು ಅಮ್ಮ. "ಬೆಳಗ್ಗೆಯಿಂದ ಹೀಗೇ ಕೂರಿಸಿದ್ರು. ಕಾಲು ಮರಗಟ್ಟಿಹೋಯ್ತು. ಹೇಳೋಣ ಅಂದ್ರೆ ಮಾತಾಡಿಸೋ ಹಾಗಿಲ್ಲ. ನಗು ನಗು ಅಂತ ಬೇರೆ."

"ಇಲ್ಲಿ ಹೊಟ್ಟೆಯೇ ಇಲ್ಲವಲ್ಲಮ್ಮಾ?"

"ಮೊದಲು ಬರೆದಿದ್ರು. ಕಂಪನಿಯವರು ಬೇಡ ಅಂದ್ರಂತೆ. ಬಸುರಿ ಬಟ್ಟೆ ಒಗೆದ್ರೆ ನೋಡೋರಿಗೆ ಪಾಪ ಅನ್ಸುತ್ತಂತೆ, ಸೋಪು ಹೋಗಲ್ವಂತೆ. ನೀನೂ ಅಲ್ಲೇ ಇದ್ದೆ ಕಣೇ. ಅಳಿಸಿಬಿಟ್ರು."

ಮಗಳ ಮೈಯೆಲ್ಲ ಉರಿದುಹೋಯಿತು. ಹಳೇ ಬಣ್ಣ ಕೆರೆಯುವಾಗ ಸೊಂಟದ ಹತ್ತಿರ ಬಾಗಿದ ಗೆರೆಯೊಂದು ಅವಳಿಗೆ ಸಿಕ್ಕಿತ್ತು. ಅಪ್ಪನ ಕೈ ತಪ್ಪಿರಬೇಕೆಂದುಕೊಂಡು ಅವಳೇ ಅದರ ಮೇಲೆ ಬಣ್ಣ ಬಳಿದು, ಸೊಂಟವನ್ನು ಇನ್ನಷ್ಟು ಸಣ್ಣಗೆ ಮಾಡಿದ್ದಳು. ಒಂದು ಸಲ ಅಪ್ಪ ಅಳಿಸಿದ್ದು ಸಾಲದೆಂದು, ಎರಡನೇ ಸಲ ತನ್ನನ್ನು ತಾನೇ ಅಳಿಸಿಕೊಂಡಿದ್ದಳು. ಥೂ!

ಯಜಮಾನನಿಗೆ ಇದ್ಯಾವುದೂ ಬೇಕಿರಲಿಲ್ಲ. "ಒಂದೇ ನಿಮಿಷ ಮಂಡಿಯೂರಿ ಅಮ್ಮಾ," ಎಂದು ಹಲ್ಲುಗಿಂಜಿದ.

ಮಗಳು ಸೀದಾ ಹೋಟೆಲಿನ ಒಳಗೆ ಹೋಗಿ ಕುರ್ಚಿಯೊಂದನ್ನು ಎತ್ತಿ ತಂದು ಗೋಡೆಯ ಎದುರಿಗೆ ಹಾಕಿದಳು. ಅಮ್ಮನನ್ನು ಅದರಲ್ಲಿ ಕೂರಿಸಿ ಅಟ್ಟಣೆ ಹತ್ತಿದಳು. ಮೊದಲು ಆ ಹಲ್ಲುಗಳನ್ನು ಮುಚ್ಚಿದಳು. ಆಮೇಲೆ ಅಗಲದ ಕುಂಚವನ್ನು ಬಣ್ಣದಲ್ಲಿ ಅದ್ದಿ, ಎದೆಯ ಕೆಳಗಿನಿಂದ ಮಡಿಲಿನವರೆಗೆ ದುಂಡಗೆ ಒಂದು ಗೆರೆ ಎಳೆದಳು.

ಯಜಮಾನ ಹೌಹಾರಿದ. ಇದೆಂಥ ಅಧ್ವಾನ, ಯಾರನ್ನು ಕೇಳಿ ಮಾಡುತ್ತಿದ್ದೀಯ, ನಿನ್ನ ಸಹಿಯಿರಲಿ ನಿಮ್ಮಪ್ಪನ ಸಹಿಯನ್ನೂ ಉಳಿಸುವುದಿಲ್ಲ ಎಂದು ಕೂಗಾಡತೊಡಗಿದ. ಅವಳ ಕೈ ನಿಲ್ಲಲಿಲ್ಲ.

"ಅವಳನ್ನ ಮಾತಾಡಿಸಬೇಡಿ," ಎಂದಳು ಅಮ್ಮ. "ಕೆಲಸದಲ್ಲಿದ್ದಾಳೆ."

ಹಾಗೆಂದು ಮಂಡಿಗಳನ್ನು ನೀವಿಕೊಳ್ಳುತ್ತಾ, ಕುರ್ಚಿಗೆ ಒರಗಿ ಕಾಲು ಚಾಚಿದಳು.