ಹೇಮವ್ವನ ಅಜ್ಜಿಗೆ ಊಟ

ಗಂಗಾವತಿಯಲ್ಲಿ ಬಸವಣ್ಣೆಮ್ಮನ ಮಾಳಿಗೆ ಕೋಣೆಗೆ ಬಾಡಿಗೆಗೆ ಬಂದ ಫಿನ್ಲೆಂಡಿನ ಹುಡುಗಿಯ ಹೆಸರು ಹಿಲ್ಮಾ. ಓಣಿಯವರ ಬಾಯಿಗೆ ಸಿಕ್ಕು ಅದು ಹೇಮವ್ವ ಆಯಿತು, ಹುಡುಗಿಯೂ ಓಗೊಟ್ಟಳು. ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯುವುದನ್ನು ಕಲಿಯಲು ಬಂದಿದ್ದಳು. ಕೈ ಭಾರೀ ಬಿಗಿ. ಹೋಟೆಲಿನ ಕಡೆ ತಲೆ ಹಾಕುತ್ತಿರಲಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಹೋಗಿ ಉಳಿದ ಬದನೆಕಾಯಿ ಆರಿಸಿ ತರುವಳು. ಹಳೇ ಕುಕ್ಕರಿನ ತಳಕ್ಕೆ ಉಸುಕು ಹರವಿ, ಅದರೊಳಗೇ ಬ್ರೆಡ್ ಬೇಯಿಸುವಳು.

ಬ್ರೆಡ್ ಉಬ್ಬಲು ಅವಳು ಅಂಗಡಿಯಿಂದ ಏನೂ ಕೊಳ್ಳುತ್ತಿರಲಿಲ್ಲ. ಊರಿಂದ ತಂದ ಗಾಜಿನ ಭರಣಿಯಲ್ಲಿ ಹುಳಿ ಬಂದ ಹಿಟ್ಟಿತ್ತು, ಅದರಲ್ಲಿ ಒಂದು ಚಮಚೆ ಕಲಸಿದರೆ ಸಾಕು. ತೀರಿಹೋದ ಅಜ್ಜಿ ಮೊಮ್ಮಗಳಿಗೆ ಬಿಟ್ಟುಹೋದ ಆಸ್ತಿ ಅದೊಂದೇ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದಾಗ ಬಸವಣ್ಣೆಮ್ಮ ಮೂಸಿ ನೋಡಿ, "ಹೆಪ್ಪು" ಎಂದಿದ್ದಳು.

ವೀಸಾದ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ದಿನ ಹಿಲ್ಮಾ ಆ ಭರಣಿಯನ್ನೂ ಒಂದು ಮೈದಾ ಪೊಟ್ಟಣವನ್ನೂ ಬಸವಣ್ಣೆಮ್ಮನ ಕೈಗಿಟ್ಟಳು. ಬಸ್ಸಿನ ಗಡಿಬಿಡಿ ಬೇರೆ, ಹೆಪ್ಪು ಎಂಬ ಮಾತು ಅವಳಿಗೆ ನೆನಪಾಗಲೇ ಇಲ್ಲ.

"ಅಕ್ಕಾರ, ಇದು ನಮ್ಮ ಅಜ್ಜಿರಿ. ದಿನಾ ಊಟ ಹಾಕ್ರಿ. ಸಾಯಬಾರದ್ರಿ."

"ನಾ ಉಪಾಸ ಇದ್ದೇನು, ನಿಮ್ಮಜ್ಜಿನ ಇಡಂಗಿಲ್ಲ ಯವ್ವಾ. ಚಿಂತಿ ಬಿಟ್ಟು ಹೋಗಿ ಬಾ," ಎಂದಳು ಬಸವಣ್ಣೆಮ್ಮ.

ಅಜ್ಜಿ ಸತ್ತಿದ್ದಾಳೆ. ಸತ್ತ ಹಿರಿಯರಿಗೆ ಊಟ ಎಂದರೆ ಎಡೆ, ಇನ್ನೇನು? ಅದನ್ನು ಯಾರಾದರೂ ಹೇಳಿಕೊಡಬೇಕೆ? ಬಸವಣ್ಣೆಮ್ಮ ಭರಣಿಯ ಹೊರಮೈ ತೊಳೆದು ಒರೆಸಿ ದೇವರ ಜಗಲಿಯ ಪಕ್ಕದಲ್ಲಿಟ್ಟಳು, ಊದಿನಕಡ್ಡಿ ಹಚ್ಚಿದಳು. ಮೈದಾ ಪೊಟ್ಟಣ ಅಡುಗೆಮನೆಯ ಮೂಲೆ ಸೇರಿತು. ಹಿರೇ ಜೀವಕ್ಕೆ ಹಸಿ ಹಿಟ್ಟು ತಿನ್ನಿಸಿದರು ಎಂಬ ಮಾತು ಈ ಮನೆಗೆ ಬರಬಾರದು.

ಅಂದಿನಿಂದ ಮನೆಯವರ ಬಾಯಿಗೆ ತುತ್ತು ಬೀಳುವ ಮೊದಲು ಅಜ್ಜಿಗೆ ಬಡಿಸುವುದಾಯಿತು. ಸಜ್ಜಿ ರೊಟ್ಟಿಯನ್ನು ನುಣ್ಣಗೆ ಪುಡಿಮಾಡಿ ಭರಣಿಯೊಳಗೇ ಹಾಕಿದಳು. ಮೊಸರನ್ನ ಕಿವುಚಿ ಹಾಕಿದಳು. ಪರದೇಶದ ಮುದುಕಿಗೆ ನಮ್ಮ ಖಾರ ತಡೆಯಲಿಕ್ಕಿಲ್ಲವೆಂದು ಪಲ್ಯ ಮಾತ್ರ ಬಿಟ್ಟಳು. ಅಮಾವಾಸ್ಯೆಯಂದು ಹೋಳಿಗೆಯ ಹೂರಣ, ಮೇಲೊಂದಿಷ್ಟು ಬೆಲ್ಲ.

ಅಜ್ಜಿಗೆ ಊಟ ಹಿಡಿಸಿತು. ಭರಣಿ ಬುಳುಬುಳು ಅನ್ನತೊಡಗಿತು. ಒಂದು ಮುಂಜಾನೆ ಮುಚ್ಚಳ ಹಾರಿ ಗಂಡ ವಿರೂಪಾಕ್ಷಪ್ಪನ ಚಹಾದ ಕಪ್ಪಿಗೇ ಬಂದು ಬಿತ್ತು.

"ಏನ, ನಿಮ್ಮ ಬೀಗತಿ ಎದ್ದು ಬರಾಕ ಹತ್ಯಾಳ ನೋಡು," ಎಂದ ಅವನು ಹೆಂಡತಿಗೆ.

"ಉಂಡು ತಿಂದು ಗಟ್ಟಿ ಆಗ್ಯಾರ. ನಿಮಗ್ಯಾಕ ಹೊಟ್ಟಿಉರಿ?" ಎಂದು ಬಸವಣ್ಣೆಮ್ಮ ಅಜ್ಜಿಯನ್ನು ಭರಣಿಯಿಂದ ಗಡಿಗೆಗೆ ಬಗ್ಗಿಸಿದಳು. ಗಡಿಗೆಯೂ ತುಂಬುತ್ತ ಬಂತು. ಗೋಡೆಯಾಚೆಯ ಖೈರುನಬಿ ಬಂದು ಇಣುಕಿ, ಇಂಥಾ ಸೊಸಿ ನಮಗೂ ಸಿಗಬೇಕಿತ್ತು ಎಂದು ಹೇಳಿಹೋದಳು. ಬಸವಣ್ಣೆಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಿಲ್ಮಾ ವಾಪಸು ಬಂದು ಚೀಲ ಇಳಿಸುವ ಮೊದಲೇ ಗಡಿಗೆಯ ಮುಂದೆ ನಿಲ್ಲಿಸಲ್ಪಟ್ಟಳು. ಒಳಗೆ ಬೂದಿ ಬಣ್ಣದ ಹಿಟ್ಟು ನೊರೆನೊರೆಯಾಗಿ ಉಸಿರಾಡುತ್ತಿತ್ತು. ಹುಡುಗಿಯ ಮುಖ ಬಿಳಿಚಿತು.

"ಅಕ್ಕಾರ, ಏನ್ ಹಾಕೀರಿ?"

ಬಸವಣ್ಣೆಮ್ಮ ಹೆಮ್ಮೆಯಿಂದ ಎಲ್ಲವನ್ನೂ ಒಪ್ಪಿಸಿದಳು. ಹಿಲ್ಮಾ ಮೂಲೆಯಲ್ಲಿದ್ದ ಮೈದಾ ಪೊಟ್ಟಣವನ್ನು ತೋರಿಸಿದಳು.

"ಇದು, ನೀರು. ಅಷ್ಟರಿ ಅದರ ಊಟ."

ಬಸವಣ್ಣೆಮ್ಮ ಗಡಿಗೆಯ ಮೇಲೆ ಬಗ್ಗಿದಳು. ನಂಬಿ ಕೊಟ್ಟುಹೋದ ಜೀವವನ್ನು ತಾನೇ ಕೈಯಾರೆ ಕೊಂದೆನಲ್ಲ! ಸಣ್ಣ ದನಿಯಲ್ಲಿ, "ಎಡಿ ಅಂತ ತಿಳಿದೆ ಯವ್ವಾ," ಎಂದಳು. ಎಡೆ ಎಂದರೇನು ಎಂದು ಹಿಲ್ಮಾ ಕೇಳಿದಳು. ಹೋದ ಹಿರಿಯರಿಗೆ ಎಲ್ಲರಿಗಿಂತ ಮೊದಲು ಬಡಿಸುವುದು ಎಂದು ವಿರೂಪಾಕ್ಷಪ್ಪ ತಿಳಿಸಿ ಹೇಳಿದ.

ಹಿಲ್ಮಾ ಗಡಿಗೆಯಿಂದ ಒಂದು ಚಮಚೆ ತೆಗೆದು ಮೈದಾಕ್ಕೆ ಕಲಸಿ ಮುಚ್ಚಿಟ್ಟಳು. ಬಸವಣ್ಣೆಮ್ಮ ಸಂಜೆಯವರೆಗೆ ಆ ಪಾತ್ರೆಯ ಮುಂದಿಂದ ಏಳಲಿಲ್ಲ. ಉಬ್ಬಿತೆ ಎಂದು ಬಟ್ಟೆ ಎತ್ತಿ ಎತ್ತಿ ನೋಡಿ ಹಿಲ್ಮಾಳಿಂದ ಬೈಸಿಕೊಂಡಳು. ಉಬ್ಬಿತು, ಬಟ್ಟೆಯನ್ನೇ ಎತ್ತಿಕೊಂಡು ಉಬ್ಬಿತು. ಅವಳಿಗೆ ಎದ್ದು ಕುಣಿಯುವ ಹಾಗಾಯಿತು. ಕುಕ್ಕರಿನಿಂದ ಇಳಿದ ಬ್ರೆಡ್ಡು ಕೆಂಪಗೆ, ಬಿರುಕು ಬಿಟ್ಟು, ಹುಳಿಯ ಜೊತೆಗೆ ಏಲಕ್ಕಿಯ ವಾಸನೆ ಹೊಡೆಯುತ್ತಿತ್ತು.

ಒಂದು ಚೂರು ಬಾಯಿಗಿಟ್ಟ ಹಿಲ್ಮಾ ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ನಮ್ಮ ಅಜ್ಜಿ ಸಣ್ಣಾಕಿ ಇದ್ದಾಗ ಬರೇ ಹಸಿವುರಿ. ಆಮ್ಯಾಲ ಮನಿತುಂಬ ಮಂದಿ. ಎಲ್ಲಾರೂ ಉಂಡ ಮ್ಯಾಲ ಅಜ್ಜಿ. ಯಾರೂ ಮೊದಲ ಬಡಿಸಿಲ್ಲರಿ. ನೀವ ಬಡಿಸೀರಿ."

ಬಸವಣ್ಣೆಮ್ಮ ಗಂಡನಿಗೆ ಕೊಡಲೆಂದು ತಟ್ಟೆಗೆ ಕೈ ಚಾಚಿದಳು. ಈ ಮನೆಗೆ ಕಾಲಿಟ್ಟಂದಿನಿಂದ ಅವಳು ಉಣ್ಣುವುದೂ ಎಲ್ಲರ ಕೊನೆಗೆ. ಹಿಲ್ಮಾ ತಟ್ಟೆಯನ್ನು ಸರಿಸಿ, ದೊಡ್ಡ ತುಂಡೊಂದನ್ನು ಅವಳ ಕೈಯಲ್ಲೇ ಇಟ್ಟಳು. ವಿರೂಪಾಕ್ಷಪ್ಪ ಕಾಯುತ್ತ ಕುಳಿತ. ಬಸವಣ್ಣೆಮ್ಮ ನಾಚಿಕೊಂಡು, ಗಂಡನ ಮುಖ ನೋಡಿ ಕಿಸಕ್ಕನೆ ನಕ್ಕು, ತಿಂದಳು.