ಗೋಡೆಯಲ್ಲಿ ಬಿಟ್ಟ ಕಂಡಿ

ಸಂಸೆಯ ಕಡೆ ಫುಟ್‌ಬಾಲ್ ಪಂದ್ಯದಲ್ಲಿ ಹೊಡೆದಾಟ ಹೊಸತಲ್ಲ. ಆದರೆ ಅದಕ್ಕೊಂದು ಎಲ್ಲೆ ಇತ್ತು. ಮೈದಾನದ ಮೂಡಣಕ್ಕೆ ಬಸವರಾಜು ಸಾಹುಕಾರರ ಕಾಫಿ ತೋಟ. ಪೆಟ್ಟು ತಾಳಲಾರದವನು ಓಡಿಹೋಗಿ ಕಾಫಿಯೊಳಗೆ ನುಗ್ಗಿದನೆಂದರೆ ಮುಗಿಯಿತು. ಅಟ್ಟಿಸಿಕೊಂಡು ಬಂದವನು ಮೊದಲ ಗಿಡದ ಹತ್ತಿರವೇ ನಿಲ್ಲಬೇಕು. ಫಲ ಹಿಡಿಯುವ ಕೊಂಬೆ ಮುರಿಯಬಾರದೆಂದು ಹಿಂದಿನವರು ಮಾಡಿಕೊಂಡ ಕಟ್ಟಳೆ. ಅದನ್ನು ಮೀರಿದವನನ್ನು ತೋಟದ ಮೇಸ್ತ್ರಿ ದಾಸಯ್ಯ ಕಂಡಿರಲಿಲ್ಲ. ಹರೆಯದಲ್ಲಿ ಅವನೂ ಆ ಗಿಡಗಳ ನಡುವೆ ಕೂತು ಮೂಗಿನ ರಕ್ತ ಒರೆಸಿಕೊಂಡವನೇ.

ಆ ಮೈದಾನದಲ್ಲಿ ಸ್ಟೇಡಿಯಂ ಕಟ್ಟುವ ಮಾತು ಬಂದಾಗ ಸಾಹುಕಾರರೇ ಕಮಿಟಿಯ ಅಧ್ಯಕ್ಷರಾದರು.

"ದೊಡ್ಡ ದೊಡ್ಡ ಟೀಮು ಬರ್ತವೆ ದಾಸಯ್ಯ. ಟೀವೀಲಿ ನಮ್ಮೂರು ಕಾಣ್ತದೆ."

"ಟೀವೀಲಿ ಕಾಣೋಕೆ ಕೋಟಿಗಟ್ಲೆ ಸುರೀಬೇಕಾ ಸಾವ್ಕಾರ್ರೆ?" ಎಂದ ಜೀಪ್ ಮೆಕ್ಯಾನಿಕ್ ಜಿಯಾಉದ್ದೀನ್. "ಆಸ್ಪತ್ರೇಲಿ ಒಬ್ಬ ಡಾಕ್ಟ್ರು ಕಂಡ್ರೆ ಸಾಕು, ನಾವು ಅವ್ರನ್ನೇ ನೋಡ್ಕೊಂಡು ಕೂರ್ತೀವಿ."

ಎಲ್ಲರೂ ನಕ್ಕರು. ದಾಸಯ್ಯನೂ ನಕ್ಕ. ಆದರೆ ಅವನ ಒಬ್ಬನೇ ಮಗ ರವಿ ಸಂಸೆ ತಂಡದ ಗೋಲ್‌ಕೀಪರ್. "ಸುಮ್ನಿರಿ ಸಾಬ್ರೆ. ಕಲ್ಲಿನ್ ಮೇಲೆ ಬಿದ್ದೂ ಬಿದ್ದೂ ಹುಡ್ಗನ ಮೊಣಕೈ ಸವೆದೋಯ್ತು. ಒಂದ್ಸಲನಾದ್ರೂ ಹುಲ್ಲಿನ್ ಮೇಲೆ ಬೀಳ್ಲಿ."

ಸ್ಟೇಡಿಯಂ ಎದ್ದಿತು. ಟಿಕೆಟ್ ಇಲ್ಲದೆ ಯಾರೂ ನೋಡಬಾರದೆಂದು ಸುತ್ತ ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು. ಬಾಗಿಲು ಪಡುವಣಕ್ಕೆ ಒಂದೇ.

ಮೊದಲ ಪಂದ್ಯ ಮಲ್ಲಂದೂರಿನ ಮೇಲೆ. ಜನ ತುಂಬಿದ ಕೂಡಲೇ ಕಾವಲುಗಾರ ಗೇಟಿಗೆ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು ಆಟ ನೋಡಲು ಹೋದ. ಹುಡುಗರನ್ನು ಮನೆ ಮುಟ್ಟಿಸಬೇಕಿದ್ದ ಜಿಯಾಉದ್ದೀನ್ ಮಾತ್ರ ಒಳಗೆ ಬರಲೊಲ್ಲದೆ, ಮೂಡಣ ಗೋಡೆಯ ಹಿಂದಿನ ತೋಟದ ದಾರಿಯಲ್ಲಿ ಜೀಪ್ ನಿಲ್ಲಿಸಿಕೊಂಡಿದ್ದ.

ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬುದರಿಂದ ಶುರುವಾಯಿತು. ಮಲ್ಲಂದೂರಿನ ದಯಾನಂದ ಓಡಿಬಂದು ರವಿಯ ಎದೆಗೆ ಒದ್ದ. ರವಿ ಎದ್ದು ಅವನ ಬಾಯಿಗೆ ಗುದ್ದಿದ. ಎರಡು ಕಡೆಯ ಜನವೂ ಗ್ಯಾಲರಿಯಿಂದ ಧುಮುಕಿದರು. ಹಿಂದೆಲ್ಲ ಕೈಗೆ ಸಿಕ್ಕುತ್ತಿದ್ದುದು ಒಣ ಕಡ್ಡಿ, ಮಣ್ಣಿನ ಹೆಂಟೆ. ಇಂದು ಗ್ಯಾಲರಿಯ ಅಡಿಯಲ್ಲಿ ಕೆಲಸ ಮುಗಿದು ಉಳಿದ ಕಬ್ಬಿಣದ ಸರಳುಗಳಿದ್ದವು. ಸರಳು ಮೂಳೆಗೆ ತಾಗುವ ಸದ್ದು ಗ್ಯಾಲರಿಯ ಮೇಲಿದ್ದ ದಾಸಯ್ಯನಿಗೂ ಕೇಳಿಸಿತು. ಒಬ್ಬನ ಕಿವಿ ಹರಿದು ಜೋತಿತ್ತು. ಇನ್ನೊಬ್ಬ ತನ್ನ ಹಲ್ಲುಗಳನ್ನೇ ಅಂಗೈಗೆ ಉಗುಳಿಕೊಂಡು ನೋಡುತ್ತಿದ್ದ.

ದಯಾನಂದನ ಕೈಗೂ ಸರಳು ಬಂತು. ರವಿ ತಿರುಗಿ ಓಡಿದ, ಮೂಡಣಕ್ಕೆ.

"ಆ ಕಡೆ ಬ್ಯಾಡ ಮಗಾ! ಗೋಡೆ! ಗೋಡೆ ಐತೆ!"

ದಾಸಯ್ಯ ಕಿರುಚಿದ್ದು ಯಾರಿಗೂ ಕೇಳಲಿಲ್ಲ. ರವಿಯೊಬ್ಬನೇ ಅಲ್ಲ, ಪೆಟ್ಟು ತಿಂದವರೆಲ್ಲ ಆ ಕಡೆಗೇ ಓಡುತ್ತಿದ್ದರು. ಕಾಲಿಗೆ ರೂಢಿಯಾದ ದಾರಿ ಅದು. ರವಿ ಎರಡೂ ಕೈಯಿಂದ ಗೋಡೆಯನ್ನು ತಡವಿದ. ದಯಾನಂದ ಹಿಂದಿನಿಂದ ಅವನ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ.

ದಾಸಯ್ಯ ಜನರನ್ನು ತುಳಿದುಕೊಂಡೇ ಬಂದು ಮಗನ ತಲೆಯನ್ನು ತೊಡೆಗೆ ಎತ್ತಿಕೊಂಡ. ಉಸಿರಿತ್ತು. "ಹೊರನಾಡಮ್ಮಾ, ಇವನನ್ನ ಉಳಿಸ್ಕೊಡು ತಾಯಿ." ಜನ ಮೇಲೆ ಮೇಲೆ ಬಂದು ಗೋಡೆಗೆ ಒತ್ತುತ್ತಿದ್ದರು.

"ಸಾಬ್ರೇ!" ಎಂದು ಗೋಡೆಗೆ ಬಾಯಿಟ್ಟು ಕೂಗಿದ. "ಎಳೀರಿ ಇದ್ನ!"

ಗೋಡೆಯ ಬುಡದಲ್ಲಿ ಮಳೆನೀರು ಹೋಗಲು ತೂತುಗಳಿದ್ದವು. ಜೀಪಿನ ಮರ ಎಳೆಯುವ ಸರಪಳಿ ಒಂದು ತೂತಿನಿಂದ ಒಳಗೆ ಬಂತು. ದಾಸಯ್ಯ ಅದನ್ನು ಪಕ್ಕದ ತೂತಿನಿಂದ ಹೊರಗೆ ತಳ್ಳಿದ. ಜೀಪ್ ಗುಡುಗಿತು. ಸರಪಳಿ ಬಿಗಿಯಿತು. ಅಷ್ಟರಲ್ಲಿ ತೊಡೆಯ ಮೇಲಿನ ತಲೆ ಒಮ್ಮೆ ಅದುರಿ ಸುಮ್ಮನಾಯಿತು. ಗೋಡೆ ಹೊರಗಡೆಗೆ ಉರುಳಿಬಿತ್ತು.

ಧೂಳಿನಾಚೆ ಕಾಫಿ ಹಸುರಾಗಿ ನಿಂತಿತ್ತು.

ದಾಸಯ್ಯ ಮಗನನ್ನು ಮೆಲ್ಲಗೆ ಮಲಗಿಸಿ, ದಯಾನಂದನ ಮೇಲೆ ಬಿದ್ದು ಸರಳು ಕಿತ್ತುಕೊಂಡ. ಮೊದಲ ಏಟು ಅವನ ಭುಜ ಒಡೆಯಿತು. ದಯಾನಂದ ತೆವಳಿದ, ಎದ್ದ, ಬಿದ್ದ ಗೋಡೆಯ ಮೇಲೆ ಓಡಿ ಗಿಡಗಳ ನಡುವೆ ನುಗ್ಗಿ ಕುಸಿದು ಕೂತ. ದಾಸಯ್ಯ ಸರಳು ಎತ್ತಿ ಬೆನ್ನಟ್ಟಿದ. ಮೊದಲ ಗಿಡ ಮೊಣಕಾಲಿಗೆ ತಾಗಿತು.

ಕಾಲು ನಿಂತಿತು.

ಮನಸ್ಸು ನಿಲ್ಲಲಿಲ್ಲ. ಕೊಲ್ಲು, ಕೊಲ್ಲು ಎನ್ನುತ್ತಲೇ ಇತ್ತು. ಕೊಂಬೆಯ ಆಚೆ ದಯಾನಂದ ತಲೆಯ ಮೇಲೆ ಕೈ ಮುಚ್ಚಿಕೊಂಡು ಅಳುತ್ತಿದ್ದ. ಜಿಯಾಉದ್ದೀನ್ ಬಂದು ಸರಳು ಹಿಡಿದಾಗ ದಾಸಯ್ಯ ಕೊಡಲೂ ಇಲ್ಲ, ಬೀಸಲೂ ಇಲ್ಲ. ಪೊಲೀಸರು ಬಂದು ದಯಾನಂದನನ್ನು ಕರೆದೊಯ್ಯುವವರೆಗೂ ಹಾಗೇ ನಿಂತಿದ್ದ.

ರವಿಯ ತಿಥಿ ಕಳೆದ ಮೇಲೆ ಗೋಡೆ ಮತ್ತೆ ಕಟ್ಟಲು ಗಾರೆಯವರು ಬಂದರು. ಜೊತೆಗೆ ಬಂದ ಸಾಹುಕಾರರು ಕಂಡಿಯಲ್ಲಿ ಕೂತಿದ್ದ ದಾಸಯ್ಯನನ್ನು ಕಂಡು ದನಿ ತಗ್ಗಿಸಿದರು.

"ಗ್ಯಾಲರಿಗೆ ರವಿ ಹೆಸರೇ ಇಡ್ತೀವಿ. ಇಷ್ಟು ದುಡ್ಡು ಸುರಿದಿದ್ದೀವಿ ಮಾರಾಯ, ಗೋಡೆ ಇಲ್ದೆ ಯಾವ ದೊಡ್ಡ ಟೀಮೂ ಬರಲ್ಲ."

"ಹೆಸ್ರು ಬ್ಯಾಡ ಸಾವ್ಕಾರ್ರೆ. ಈ ಕಂಡಿ ಹಿಂಗೇ ಇರ್ಲಿ."

"ಆಗಲ್ಲ ದಾಸಯ್ಯ."

"ಹಂಗಾದ್ರೆ ನನ್ನೂ ಸೇರ್ಸಿ ಕಟ್ಟಿ."

ಗಾರೆಯವರು ಸಾಹುಕಾರರ ಮುಖ ನೋಡಿದರು. ದಾರಿಯಲ್ಲಿ ಜೀಪ್ ನಿಂತ ಸದ್ದಾಯಿತು. ಜಿಯಾಉದ್ದೀನ್ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದು, ದಾಸಯ್ಯನ ಪಕ್ಕದಲ್ಲಿ ಕೂತ. ಸಾಹುಕಾರರು ಇಬ್ಬರನ್ನೂ ಆ ಸರಪಳಿಯನ್ನೂ ನೋಡಿ, ಕೊನೆಗೆ ಇಟ್ಟಿಗೆ ತಂದ ಟ್ರ್ಯಾಕ್ಟರನ್ನು ಹಿಂದಕ್ಕೆ ತಿರುಗಿಸಲು ಹೇಳಿದರು.