‘ಸುಟ್ಟಿದೆ’ ಅಂದರು ಮಾವ

ನಮ್ಮ ಮಾವನ ಬಾಯಿಂದ ‘ಸುಟ್ಟಿದೆ’ ಎಂಬ ಮಾತು ಬಂದರೆ ಮುಗಿಯಿತು, ಆ ಸಾಮಾನು ಸುಡದಿದ್ದರೂ ಸುಟ್ಟ ಹಾಗೆಯೇ. ಅಮ್ಮನ ತಮ್ಮ, ಗ್ಯಾರೇಜಿನ ಯಜಮಾನ. ಎಂಜಿನ್ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ, ವೈರು ಮಾತ್ರ ಅವರಿಗೆ ಆಗಿಬರುವುದಿಲ್ಲ. ಅದಕ್ಕೇ ಮೂರು ವರ್ಷದಿಂದ ವೈರಿಂಗ್ ಬೆಂಚಿನಲ್ಲಿ ನಾನಿದ್ದೇನೆ. ಅಕ್ಕನ ಮಗಳು ಅಲ್ಲಿ ಕೂತಿರುವುದನ್ನು ಮೂರು ವರ್ಷದಿಂದಲೂ ಅವರು ಹಲ್ಲು ಕಚ್ಚಿ ಸಹಿಸುತ್ತಿದ್ದಾರೆ.

ಅವತ್ತು ಬೆಳಿಗ್ಗೆ ಬಂದವರು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್. ಹಿಂದಿನ ವಾರ ನಮ್ಮಲ್ಲೇ ಕಾರಿನ ಆಯಿಲ್ ಬದಲಿಸಿಕೊಂಡು ಹೋಗಿದ್ದರು. ಅಂದಿನಿಂದ ದಾರಿ ತೋರಿಸುವ ಸ್ಕ್ರೀನು ಕಪ್ಪಾಗಿಯೇ ಇದೆಯಂತೆ.

“ಎಡಕ್ಕೆ ತಿರುಗಿ ಅಂತ ದನಿ ಬರುತ್ತೆ. ಚಿತ್ರ ಮಾತ್ರ ಇಲ್ಲ” ಎಂದರು.

ಮಾವ ಒಮ್ಮೆ ಬಗ್ಗಿ ನೋಡಿ, “ಸ್ಕ್ರೀನ್ ಸುಟ್ಟಿದೆ. ಹೊಸದು ಹಾಕೋಣ” ಎಂದುಬಿಟ್ಟರು.

“ನಾನೊಂದ್ಸಲ ನೋಡ್ತೀನಿ ಮಾವ.”

“ಮಧ್ಯಾಹ್ನದವರೆಗೆ ನೋಡು. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಮುಂದಿನ ರೂಮಲ್ಲಿ ಫೋನ್ ಎತ್ಕೊಂಡು ಕೂತ್ಕೊ. ಬೆಂಚಿಗೆ ಬೇರೆಯವರನ್ನ ಕರೀತೀನಿ.”

ನರ್ಸ್ ಎದುರಿಗೇ ಹಾಗಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಎತ್ತುವುದು ಕೀಳೆಂದಲ್ಲ, ಕಲಿತ ಕೈಯನ್ನು ಕಟ್ಟಿ ಕೂರಿಸುವುದು ನನಗಾಗದು.

ಫ್ಯೂಸ್ ನೋಡಿದೆ, ಸರಿಯಿತ್ತು. ಸ್ಕ್ರೀನ್ ಬಿಚ್ಚಿ ಹಿಂದಿನ ಪ್ಲಗ್ ನೋಡಿದೆ, ಕರೆಂಟ್ ಬರುತ್ತಿತ್ತು. ಮಾವ ಎರಡು ಸಲ ಸುಮ್ಮಸುಮ್ಮನೆ ಕೆಮ್ಮುತ್ತ ಪಕ್ಕದಲ್ಲಿ ಹಾದುಹೋದರು. ಹನ್ನೊಂದೂವರೆಗೆ ಕೊನೆಗೂ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದೆ. ಕಪ್ಪಿನೊಳಗೆ ರಸ್ತೆಯ ಗೆರೆಗಳು ಮಸುಕಾಗಿ ಕಂಡವು. ಸ್ಕ್ರೀನಿಗೆ ಜೀವವಿತ್ತು, ಬೆಳಕಷ್ಟೇ ಇರಲಿಲ್ಲ.

ನರ್ಸ್ ಬಂದಾಗಿನಿಂದ ಹಾಕಿಯೇ ಇದ್ದ ಹೆಡ್‌ಲೈಟ್ ಆರಿಸಿದೆ. ಸ್ಕ್ರೀನು ಝಗ್ಗನೆ ಬೆಳಗಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು.

ನರ್ಸ್ ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಓಡಿಸುವವರು. ಹೆಡ್‌ಲೈಟ್ ಹೊತ್ತಿದಾಗ ಸ್ಕ್ರೀನಿನ ಬೆಳಕು ಎಷ್ಟಿರಬೇಕೆಂದು ತೀರ್ಮಾನಿಸುವ ಪುಟ್ಟ ಚಕ್ರವೊಂದು ಸ್ಟೇರಿಂಗ್ ಪಕ್ಕದಲ್ಲಿರುತ್ತದೆ. ಅದು ಪೂರ್ತಿ ಕೆಳಕ್ಕೆ ತಿರುಗಿ ಕೂತಿತ್ತು. ಯಾರು ತಿರುಗಿಸಿದರೆಂದು ಕೇಳಬೇಕಿರಲಿಲ್ಲ. ಕೆಲಸ ಮುಗಿದ ಪ್ರತಿ ಕಾರಿನ ಡ್ಯಾಶ್‌ಬೋರ್ಡನ್ನು ಮಾವ ತಾವೇ ಬಟ್ಟೆ ಹಿಡಿದು ಗಸಗಸ ಒರೆಸುತ್ತಾರೆ. ಬೇರೆಯವರ ಕೈಗೆ ಆ ಬಟ್ಟೆ ಕೊಡುವುದೇ ಇಲ್ಲ.

ಚಕ್ರವನ್ನು ಮೇಲಕ್ಕೆ ತಳ್ಳಿ ಮಾವನನ್ನು ಕರೆದು ತೋರಿಸಿದೆ. ಅವರ ಮುಖ ಪೆಚ್ಚಾಯಿತು. ನನ್ನನ್ನು ಗೋಡೆಯ ಬಳಿ ಕರೆದೊಯ್ದು ದನಿ ತಗ್ಗಿಸಿದರು.

“ವೈರ್ ಸಡಿಲ ಇತ್ತು ಅಂತ ಹೇಳು. ಬೆಂಚು ನಿಂದೇ, ಇನ್ಮೇಲೆ ಆ ಮಾತೇ ಎತ್ತಲ್ಲ.”

ಸುಳ್ಳೇನೂ ದೊಡ್ಡದಾಗಿರಲಿಲ್ಲ. ಆದರೆ ಮೂರು ವರ್ಷ ದುಡಿದು ನನ್ನದಾದ ಬೆಂಚನ್ನು ಈಗ ಸುಳ್ಳಿಗೆ ಬದಲಾಗಿ ಕೊಡುತ್ತಿದ್ದಾರಲ್ಲ ಎಂದು ಸಿಟ್ಟು ನೆತ್ತಿಗೇರಿತು. ನೇರ ನರ್ಸ್ ಹತ್ತಿರ ಹೋದೆ.

“ಏನೂ ಕೆಟ್ಟಿಲ್ಲ ಅಕ್ಕಾ. ಹೋದ ವಾರ ನಾವು ಒರೆಸುವಾಗ ಈ ಚಕ್ರ ತಿರುಗಿಬಿಟ್ಟಿದೆ. ತಪ್ಪು ನಮ್ದೇ.”

ಅವರು ಚಕ್ರವನ್ನು ತಾವೇ ಎರಡು ಸಲ ತಿರುಗಿಸಿ ನೋಡಿ, ಮಾವನ ಕಡೆಗೊಮ್ಮೆ ಕಣ್ಣು ಹಾಯಿಸಿ, ಹೊರಟುಹೋದರು.

“ನಾಳೆ ಬೆಂಚಿಗೆ ಬೇರೆಯವರು ಬರ್ತಾರೆ” ಎಂದರು ಮಾವ, ನನ್ನ ಮುಖ ನೋಡದೆ.

ನಾನು ಬೆಂಚಿನ ಮುಂದೆ ನನ್ನ ಸ್ಟೂಲ್ ಎಳೆದುಕೊಂಡು ಕೂತೆ. “ಬರ್ಲಿ ಮಾವ. ಅವ್ರಿಗೊಂದು ಸ್ಟೂಲ್ ತರಿಸಿ, ಇದರ ಮೇಲೆ ನಾನಿರ್ತೀನಿ.”